ಮೊದಲು ಲೆಕ್ಕ, ಆಮೇಲೆ ಯಂತ್ರ



ಅಮೆರಿಕದ ಟೆಕ್ಸಾಸ್ ರಾಜ್ಯದ ಡಾಲಸ್ ನಗರದ ಹೊರವಲಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಗ್ಯಾರೇಜನ್ನು ಮಗಳ ಮೃದಂಗಾಭ್ಯಾಸಕ್ಕೆ ಬಿಟ್ಟುಕೊಡಲು ನಿಶ್ಚಯಿಸಿದ್ದಾನೆ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಬಿಸಿಲು, ಚಳಿಗಾಲದ ಕೆಲವು ರಾತ್ರಿಗಳಲ್ಲಿ ಶೂನ್ಯಕ್ಕಿಂತ ಕೆಳಗಿನ ಚಳಿ. ಆದ್ದರಿಂದ ತಂಪನ್ನೂ ಶಾಖವನ್ನೂ ಕೊಡುವ ಒಂದು ಯಂತ್ರ ಬೇಕು. ಮಾರಾಟಗಾರನು ಗ್ಯಾರೇಜಿನೊಳಕ್ಕೆ ಒಮ್ಮೆ ಇಣುಕಿ ನೋಡಿ, "2 ಟನ್ ಹಾಕಿಸಿಬಿಡಿ, ಯೋಚನೆಯೇ ಇರುವುದಿಲ್ಲ" ಎಂದನಂತೆ. ಯೋಚನೆಯೇ ಇಲ್ಲದಂತೆ ಮಾಡುವ ಇಂತಹ ಸಲಹೆಗಳನ್ನು ಕುರಿತೇ ನಾವು ಹೆಚ್ಚು ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ 'ಟನ್' ಎಂಬ ಪದವನ್ನು ಅರ್ಥಮಾಡಿಕೊಳ್ಳೋಣ. ಅದು ಯಂತ್ರದ ತೂಕವಲ್ಲ. ವಿದ್ಯುತ್ ಯಂತ್ರಗಳು ಬರುವ ಮುನ್ನ ತಂಪಿಗೆ ಮಂಜುಗಡ್ಡೆಯೇ ಆಧಾರವಾಗಿತ್ತು. ಅಮೆರಿಕದ ಒಂದು ಟನ್, ಎಂದರೆ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆ, 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೆಯೋ ಅದೇ ಒಂದು ಟನ್ ತಂಪು. ಒಂದು ಕಿಲೋಗ್ರಾಂ ಮಂಜುಗಡ್ಡೆಯ ದ್ರವನ ಗುಪ್ತೋಷ್ಣ 334 ಕಿಲೋಜೂಲ್ ಎಂದು ನೀವೆಲ್ಲ ನನ್ನ ತರಗತಿಯಲ್ಲಿ ಬರೆದುಕೊಂಡದ್ದು ನೆನಪಿರಬಹುದು. 907ನ್ನು 334ರಿಂದ ಗುಣಿಸಿ, ಒಂದು ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 3.5 ಕಿಲೋವ್ಯಾಟ್ ದೊರೆಯುತ್ತದೆ. ಅಮೆರಿಕದವರ ಮಾನದಲ್ಲಿ ಇದು ಗಂಟೆಗೆ 12,000 ಬಿ.ಟಿ.ಯು.

ಈಗ ಗ್ಯಾರೇಜಿನ ಲೆಕ್ಕ. 20 ಅಡಿ ಉದ್ದ, 20 ಅಡಿ ಅಗಲ, 9 ಅಡಿ ಎತ್ತರವೆಂದು ಇಟ್ಟುಕೊಳ್ಳೋಣ. ನೆಲದ ವಿಸ್ತೀರ್ಣ 37 ಚದರ ಮೀಟರ್. ಹೊರಗೆ 40 ಡಿಗ್ರಿ, ಒಳಗೆ ನಮಗೆ ಬೇಕಾದದ್ದು 26, ವ್ಯತ್ಯಾಸ 14. ಸೂತ್ರವು ಸರಳ: ಶಾಖವಹನದ ಗುಣಾಂಕ, ವಿಸ್ತೀರ್ಣ ಹಾಗೂ ತಾಪ ವ್ಯತ್ಯಾಸ, ಈ ಮೂರರ ಗುಣಲಬ್ಧ.

ಒಂದೇ ಪದರದ ಉಕ್ಕಿನ ತಗಡಿನ ಬಾಗಿಲು, 16 ಅಡಿಗೆ 7 ಅಡಿ, ಎಂದರೆ 10.4 ಚದರ ಮೀಟರ್. ಗುಣಾಂಕವನ್ನು 6 ಎಂದು ಹಿಡಿದರೆ ಬಾಗಿಲಿನಿಂದ ಬರುವ ಶಾಖ ಸುಮಾರು 870 ವ್ಯಾಟ್. ನಿಜವಾದ ಶತ್ರು ತಲೆಯ ಮೇಲಿದ್ದಾನೆ. ಚಾವಣಿಯ ಮೇಲಿನ ಅಟ್ಟದ ಗಾಳಿ ಬಿಸಿಲಿನಲ್ಲಿ 55 ಡಿಗ್ರಿಗೆ ಏರುವುದು ಅಸಾಮಾನ್ಯವಲ್ಲ. ಬರಿಯ ಜಿಪ್ಸಂ ಹಲಗೆಯ ಚಾವಣಿಯಾದರೆ ಗುಣಾಂಕ 2.5, ವ್ಯತ್ಯಾಸ 29, ಒಟ್ಟು ಸುಮಾರು 2,700 ವ್ಯಾಟ್! ಹೊದಿಕೆಯಿಲ್ಲದ ಹೊರಗೋಡೆಗಳಿಂದ 780, ಸಂದುಗಳಿಂದ ನುಸುಳುವ ಗಾಳಿಯಿಂದ 460, ಮೂವರು ಮನುಷ್ಯರ ಮೈಶಾಖ ಮತ್ತು ದೀಪಗಳಿಂದ 500. ಕೂಡಿದರೆ 5,310 ವ್ಯಾಟ್, ಅಂದರೆ ಒಂದೂವರೆ ಟನ್. ಗಾಳಿಯ ತೇವವನ್ನೂ ನೇರ ಬಿಸಿಲನ್ನೂ ಸೇರಿಸಿದರೆ ಮಾರಾಟಗಾರನ 2 ಟನ್ ಸರಿಯೆಂದೇ ತೋರುತ್ತದೆ.

ಆದರೆ ಅದೇ ಚಾವಣಿಯ ಮೇಲೆ ಆರ್-38 ದರ್ಜೆಯ ಶಾಖನಿರೋಧಕ ಹೊದಿಕೆಯನ್ನು ಹಾಸಿದರೆ 2,700 ವ್ಯಾಟ್ ಇಳಿದು 160 ಆಗುತ್ತದೆ. ನಿರೋಧಕ ತುಂಬಿದ ಬಾಗಿಲಾದರೆ 870ರ ಬದಲು 220. ಗೋಡೆಗಳಿಗೆ ಹೊದಿಕೆ ತುಂಬಿದರೆ 250, ಬಾಗಿಲ ಸುತ್ತ ರಬ್ಬರಿನ ಪಟ್ಟಿ ಕೂರಿಸಿ ಗಾಳಿಯ ನುಸುಳುವಿಕೆಯನ್ನು ಅರ್ಧಕ್ಕಿಳಿಸಿದರೆ 230. ಮನುಷ್ಯರೂ ದೀಪಗಳೂ ಹಾಗೆಯೇ ಇರಲಿ, 500. ಮೊತ್ತ 1,360 ವ್ಯಾಟ್. ತೇವಕ್ಕೂ ಬಿಸಿಲಿಗೂ ಧಾರಾಳವಾಗಿ ಅವಕಾಶ ಬಿಟ್ಟರೂ ಮುಕ್ಕಾಲು ಟನ್ನಿನ ಯಂತ್ರ ಸಾಕು. ಮೂರುನಾಲ್ಕು ವರ್ಷಗಳ ವಿದ್ಯುತ್ ಬಿಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಹಣವನ್ನು ಮೊದಲು ಎಲ್ಲಿ ವಿನಿಯೋಗಿಸಬೇಕೆಂಬುದು ತಾನೇ ಸ್ಪಷ್ಟವಾಗುತ್ತದೆ.

"ದೊಡ್ಡದಿದ್ದರೆ ತಪ್ಪೇನು ಮೇಷ್ಟ್ರೇ?" ಎಂದು ಕೇಳುವವರಿದ್ದಾರೆ. ತಪ್ಪಿದೆ. ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕಾಗಿ ಆಧುನಿಕ ಹವಾನಿಯಂತ್ರಣದ ವ್ಯವಸ್ಥೆಯನ್ನು ರೂಪಿಸಿದ್ದು ಜನರ ಸುಖಕ್ಕಾಗಿ ಅಲ್ಲ, ಕಾಗದವನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದ ತೇವವನ್ನು ಹತೋಟಿಗೆ ತರುವುದಕ್ಕಾಗಿ. ತೇವವನ್ನು ಹಿಂಡಲು ಯಂತ್ರದ ತಣ್ಣನೆಯ ಸುರುಳಿಯ ಮೇಲೆ ಗಾಳಿ ಬಹುಹೊತ್ತು ಹರಿಯಬೇಕು. ಅತಿ ದೊಡ್ಡ ಯಂತ್ರ ಐದು ನಿಮಿಷದಲ್ಲಿ ಕೋಣೆಯನ್ನು ತಣಿಸಿ ನಿಂತುಬಿಡುತ್ತದೆ, ತೇವ ಉಳಿಯುತ್ತದೆ. ತಣ್ಣಗಿದ್ದರೂ ಜಿಗುಟು! ಚರ್ಮದ ವಾದ್ಯಕ್ಕೆ ಇದಕ್ಕಿಂತ ಕೆಟ್ಟ ವಾತಾವರಣ ಬೇಕೆ? ಪದೇ ಪದೇ ನಿಂತು ಚಾಲನೆಗೊಳ್ಳುವುದರಿಂದ ಕಂಪ್ರೆಸರಿನ ಆಯುಷ್ಯವೂ ಸವೆಯುತ್ತದೆ. ಇನ್ವರ್ಟರ್ ಯಂತ್ರಗಳು ವೇಗವನ್ನು ತಗ್ಗಿಸಿಕೊಳ್ಳಬಲ್ಲವು, ನಿಜ. ಆದರೆ ಅವುಗಳಿಗೂ ಒಂದು ಕನಿಷ್ಠ ಮಿತಿಯಿದೆ.

ಚಳಿಗಾಲಕ್ಕೆ ಪ್ರತ್ಯೇಕ ಹೀಟರ್ ಬೇಕಿಲ್ಲ. ಹೀಟ್ ಪಂಪ್ ಎಂಬ ಯಂತ್ರ ಶಾಖವನ್ನು ಉತ್ಪಾದಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ಒಳಗೆ ತರುತ್ತದೆ. ಹದವಾದ ಚಳಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖವನ್ನು ಕೊಡಬಲ್ಲದು. ಚಳಿ ಏರಿದಂತೆ ಈ ಲಾಭ ಇಳಿಯುತ್ತದೆ. ಆದುದರಿಂದ ತಮ್ಮ ಊರಿನ ಅತಿ ಚಳಿಯಲ್ಲಿ ಅದು ಎಷ್ಟು ಶಾಖ ಕೊಡುತ್ತದೆ ಎಂಬ ಕೋಷ್ಟಕವನ್ನು ಕೇಳಿ ಪಡೆಯಬೇಕು. ಲೇಬಲ್ಲಿನ ಮೇಲಿನ ದೊಡ್ಡ ಅಂಕಿಯನ್ನಷ್ಟೇ ನಂಬಬಾರದು.

ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಗ್ಯಾರೇಜು ಮೂಲತಃ ಕಾರಿನ ಮನೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ತಂಗುತ್ತದೆ; ಕಿಡಿ ಹಾರಿಸಬಲ್ಲ ಉಪಕರಣ ನೆಲದಿಂದ 18 ಇಂಚು ಮೇಲಿರಬೇಕೆಂಬ ನಿಯಮ ಅಮೆರಿಕದ ವಸತಿ ಕಟ್ಟಡ ಸಂಹಿತೆಯಲ್ಲಿರುವುದು ಇದಕ್ಕಾಗಿಯೇ. ಮನೆಯ ಹವಾನಿಯಂತ್ರಣದ ಕೊಳವೆಯನ್ನು ಗ್ಯಾರೇಜಿಗೂ ಎಳೆದುಬಿಡುವ 'ಉಳಿತಾಯ'ವನ್ನೂ ಆ ಸಂಹಿತೆ ಒಪ್ಪುವುದಿಲ್ಲ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ಹೋಗಲು ಅದೇ ರಾಜಮಾರ್ಗ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಹಿಮಗಾಳಿಯಿಂದ ವಿದ್ಯುತ್ ಕೈಕೊಟ್ಟಾಗ, ಬೆಚ್ಚಗಿರಲೆಂದು ಗ್ಯಾರೇಜಿನಲ್ಲಿ ಕಾರನ್ನು ಚಾಲೂ ಇಟ್ಟವರಲ್ಲಿ ಕೆಲವರು ಇದೇ ಅನಿಲಕ್ಕೆ ಬಲಿಯಾದರು. ಸಂದುಗಳನ್ನು ಮುಚ್ಚಿ ಬಿಗಿಗೊಳಿಸಿದ ಗ್ಯಾರೇಜು ವಿಷವನ್ನೂ ಅಷ್ಟೇ ಬಿಗಿಯಾಗಿ ಹಿಡಿದಿಡುತ್ತದೆ.

ಆದುದರಿಂದ ನನ್ನ ಮತ ಇಷ್ಟು. ಮಕ್ಕಳು ಗಂಟೆಗಟ್ಟಲೆ ಕೂರುವ ಗ್ಯಾರೇಜಿನಲ್ಲಿ ಕಾರು ಇರಕೂಡದು. ವಿದ್ಯುತ್ ಕಾರು ಹೊಗೆ ಬಿಡದು, ಸರಿ. ಆದರೆ ಗ್ಯಾಸ್ ವಾಟರ್ ಹೀಟರ್ ಅಲ್ಲೇ ಇದ್ದರೆ ಅದರ ಹೊಗೆಕೊಳವೆಯನ್ನು ಬಲ್ಲವರಿಂದ ಪರೀಕ್ಷಿಸಿರಿ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯೊಂದನ್ನು ಕಡ್ಡಾಯವಾಗಿ ತೂಗುಹಾಕಿರಿ. ಆಮೇಲೆ ಹೊದಿಕೆ. ಆಮೇಲೆ ಲೆಕ್ಕ. ಕಟ್ಟಕಡೆಗೆ ಯಂತ್ರ, ಅದೂ ಮನೆಯ ಕೊಳವೆಗಳಿಗೆ ಸಂಬಂಧವಿಲ್ಲದ ಸ್ಪ್ಲಿಟ್ ಮಾದರಿ.

ಕಲಬುರಗಿ, ರಾಯಚೂರುಗಳಲ್ಲಿ ಕಾರ್ ಶೆಡ್ಡನ್ನು ಪಾಠದ ಕೋಣೆಯಾಗಿಸಿಕೊಂಡಿರುವ ಶಿಷ್ಯರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅಲ್ಲಿ ಹೀಟರ್ ಬೇಡ. ತಗಡಿನ ಅಥವಾ ಕಾಂಕ್ರೀಟಿನ ಸೂರಿಗೆ ಮೊದಲು ನೆರಳನ್ನೂ ಬಿಳಿ ಬಣ್ಣವನ್ನೂ ಕೊಡಿ. ಅಳತೆಪಟ್ಟಿ, ಕಾಗದ, ಪೆನ್ಸಿಲ್ ಹಿಡಿದು ಅರ್ಧ ಗಂಟೆ ಕುಳಿತರೆ ಸಾಕು. ಹತ್ತನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದು ಇದರಲ್ಲೇನೂ ಇಲ್ಲ.

ಲೆಕ್ಕದಲ್ಲಿ ಸಂದೇಹ ಬಂದವರು ಬರೆಯಿರಿ, ತಿದ್ದಿ ಕಳುಹಿಸುತ್ತೇನೆ. ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಬಳಿ ಇದೆ.