ಗಣಕಯಂತ್ರಗಳ ಸ್ಥಗಿತ ಮತ್ತು ದೂರನಿರ್ವಹಣೆ: ಅರ್ಜಿದಾರರ ಅವಗಾಹನೆಗಾಗಿ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಪರಿಷ್ಕರಣೆಯಿಂದಾಗಿ, ಮೈಕ್ರೋಸಾಫ್ಟ್ ಅಂದಾಜಿನಂತೆ, ವಿಶ್ವದಾದ್ಯಂತ 85 ಲಕ್ಷ ವಿಂಡೋಸ್ ಗಣಕಯಂತ್ರಗಳು ಬಾಧಿತವಾದವು. ಅನೇಕ ಯಂತ್ರಗಳು ಪ್ರಾರಂಭವೇ ಆಗದ ಕಾರಣ ಸಿಬ್ಬಂದಿಯು ಖುದ್ದಾಗಿ ಒಂದೊಂದನ್ನೇ ಸರಿಪಡಿಸಬೇಕಾಯಿತು.

ಇಂತಹ ಸಮಸ್ಯೆಗೆ ನಿಕ್ಸ್‌ಓಎಸ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಭಾಗಶಃ ಪರಿಹಾರವಿರುತ್ತದೆ. ಯಂತ್ರದಲ್ಲಿರಬೇಕಾದ ತಂತ್ರಾಂಶ ಹಾಗೂ ಸೇವೆಗಳನ್ನು ಮೊದಲೇ ಕಡತದಲ್ಲಿ ನಮೂದಿಸಲಾಗುತ್ತದೆ. ಸದರಿ ಕಡತದ ಆಧಾರದಲ್ಲಿ ಕ್ಲೌಡ್‌ನಲ್ಲಿರುವ ಹಲವು ಯಂತ್ರಗಳನ್ನು ದೂರದಿಂದಲೇ ಏಕರೂಪವಾಗಿ ಸಿದ್ಧಪಡಿಸಬಹುದು. ಹಿಂದಿನ ಆವೃತ್ತಿಯೂ ಯಂತ್ರದಲ್ಲಿ ಉಳಿದಿರುವುದರಿಂದ, ಹೊಸದು ವಿಫಲವಾದಲ್ಲಿ ಅದಕ್ಕೆ ಮರಳಬಹುದಾಗಿರುತ್ತದೆ.

ಆದರೆ ಹೀಗೆ ಮರಳಿ ದೊರೆಯುವುದು ತಂತ್ರಾಂಶವೇ ಹೊರತು ಅರ್ಜಿಯ ದತ್ತಾಂಶವಲ್ಲ. ದತ್ತಾಂಶಕ್ಕೆ ಪ್ರತ್ಯೇಕ ನಕಲು ಅವಶ್ಯಕ. ಆದುದರಿಂದ ವ್ಯವಸ್ಥೆ ಯಾವುದೇ ಇರಲಿ, ಅರ್ಜಿದಾರರು ಸ್ವೀಕೃತಿ ಪತ್ರವನ್ನು ಸೇವೆ ದೊರೆಯುವವರೆಗೂ ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.