ಬರೆದವರ ತಪ್ಪು ಓದಿದವರ ತಲೆಗೇಕೆ?

ಅಲ್ಲಾಳಸಂದ್ರ ಕೆರೆಯ ಸುತ್ತ ಬೆಳಿಗ್ಗೆ ನಡೆಯಲು ಬರುವ ನಮ್ಮ ಗುಂಪಿನಲ್ಲಿ ಹದಿನೈದು ದಿನದಿಂದ ಒಂದೇ ಚರ್ಚೆ. ಶುರು ಮಾಡಿದವಳು ನಾನೇ. ಮನೆಗೆ ಹತ್ತಿರದ ಸೂಪರ್ ಮಾರ್ಕೆಟ್ ಒಂದರಲ್ಲಿ ಐದು ಲೀಟರಿನ ಸೂರ್ಯಕಾಂತಿ ಎಣ್ಣೆ ಕ್ಯಾನಿನ ಕೆಳಗೆ 689 ರೂಪಾಯಿ ಎಂದು ಚೀಟಿ ಅಂಟಿಸಿದ್ದರು. ಅದನ್ನು ನೋಡಿಯೇ ಕ್ಯಾನನ್ನು ಗಾಡಿಗೆ ಹಾಕಿಕೊಂಡೆ. ಉಳಿದ ಸಾಮಾನಿನ ಜೊತೆ ಬಿಲ್ ಆಯಿತು, ದುಡ್ಡು ಕೊಟ್ಟೆ. ಬಾಗಿಲ ಹತ್ತಿರ ನಿಂತು ಬಿಲ್ ಓದಿದಾಗ ಎಣ್ಣೆಯ ಮುಂದೆ 765 ಎಂದಿತ್ತು.

ವಾಪಸ್ ಹೋಗಿ ಕೇಳಿದೆ. ‘ಸಿಸ್ಟಮ್‌ನಲ್ಲಿ ಇಷ್ಟೇ ತೋರಿಸ್ತಿದೆ ಮೇಡಂ, ಆಫರ್ ಭಾನುವಾರಕ್ಕೇ ಮುಗೀತು’ ಎಂದ ಕೌಂಟರಿನ ಹುಡುಗ. ಮ್ಯಾನೇಜರ್ ಬಂದು ಚೀಟಿ ನೋಡಿದರು, ತಪ್ಪಾಗಿದೆ ಎಂದು ಒಪ್ಪಿಕೊಂಡರು. ಆದರೆ ‘ಬೇಕಿದ್ರೆ ಎಣ್ಣೆ ವಾಪಸ್ ಕೊಡಿ, ದುಡ್ಡು ಕೊಡ್ತೀವಿ. ಚೀಟಿ ರೇಟಿಗೆ ಕೊಡೋಕಾಗಲ್ಲ’ ಎಂದರು. ಮರುದಿನ ಸಂಜೆ ಮತ್ತೆ ಹೋಗಿ ನೋಡಿದೆ. 689ರ ಚೀಟಿ ಅಲ್ಲೇ ಇತ್ತು.

ಗುಂಪಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ನನ್ನ ಪರ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಹೆಚ್ಚಿನವರು ಅಂಗಡಿಯ ಪರ ನಿಂತರು. ಅವರಲ್ಲಿ ವಕೀಲರಿದ್ದಾರೆ, ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದಾರೆ, ಸ್ವತಃ ಅಂಗಡಿ ನಡೆಸಿದವರೂ ಇದ್ದಾರೆ. ಎಲ್ಲರೂ ನಾನು ಗೌರವಿಸುವವರೇ. ಆದ್ದರಿಂದ ಅವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತೇನೆ. ನನ್ನ ವಾದ ಒಂದೇ ಸಾಲಿನದು: ಬೆಲೆ ಬರೆದವರು ತಪ್ಪು ಮಾಡಿದರೆ, ಆ ತಪ್ಪಿನ ಭಾರವನ್ನು ಬರೆದವರು ಹೊರಬೇಕು, ನಂಬಿ ಓದಿದವರಲ್ಲ.

ಮೊದಲನೆಯ ಆಕ್ಷೇಪ: ‘ಎಂಆರ್‌ಪಿಗಿಂತ ಹೆಚ್ಚೇನೂ ತಗೊಂಡಿಲ್ಲವಲ್ಲ?’

ಕ್ಯಾನಿನ ಮೇಲೆ ಮುದ್ರಿಸಿದ್ದ ಬೆಲೆ 765ಕ್ಕಿಂತ ಹೆಚ್ಚೇ ಇತ್ತು, ನಿಜ. ಆದರೆ ಎಂಆರ್‌ಪಿ ಎಂದರೆ ಗರಿಷ್ಠ ಬೆಲೆ. ಪೊಟ್ಟಣದ ಸರಕನ್ನು ಅದಕ್ಕಿಂತ ಹೆಚ್ಚಿಗೆ ಮಾರಕೂಡದು ಎಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಅದು ಮೇಲಿನ ಗಡಿ. ಆ ಗಡಿಯ ಒಳಗೆ ಅಂಗಡಿಯವರು ಇನ್ನೊಂದು ಬೆಲೆ ಬರೆದು ಗಿರಾಕಿಯನ್ನು ಕರೆದ ಮೇಲೆ, ಗಿರಾಕಿಯ ಮಟ್ಟಿಗೆ ಬೆಲೆ ಅದೇ. ಎಂಆರ್‌ಪಿಯೇ ಬೆಲೆಯಾಗಿದ್ದರೆ ಚೀಟಿ ಅಂಟಿಸುವ ಅಗತ್ಯವೇ ಇರಲಿಲ್ಲ.

ಈ ವಾದವನ್ನು ರಾಷ್ಟ್ರೀಯ ಗ್ರಾಹಕ ಆಯೋಗ ಆಗಲೇ ಕೇಳಿದೆ. 2017ರ ಜನವರಿಯಲ್ಲಿ ತೀರ್ಮಾನವಾದ ಏರೋ ಕ್ಲಬ್ ಪ್ರಕರಣದಲ್ಲಿ ಅಂಗಡಿಯವರು ಶೇ 40ರಷ್ಟು ನೇರ ರಿಯಾಯಿತಿ ಎಂದು ಸಾರಿ, ರಿಯಾಯಿತಿ ಕಳೆದು ಉಳಿದ ಬೆಲೆಯ ಮೇಲೆ ವ್ಯಾಟ್ ಸೇರಿಸಿದ್ದರು. ಗಿರಾಕಿ ಕೊಟ್ಟ ಒಟ್ಟು ಹಣ ಎಂಆರ್‌ಪಿಗಿಂತ ಕಡಿಮೆಯೇ ಇತ್ತು. ಆದರೂ ಆಯೋಗ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಜಾಹೀರಾತು ಓದಿದ ಸಾಮಾನ್ಯ ಮನುಷ್ಯ ಏನೆಂದು ತಿಳಿದುಕೊಂಡು ಅಂಗಡಿಗೆ ಬರುತ್ತಾನೆ ಎಂಬುದೇ ಅಲ್ಲಿ ಮುಖ್ಯವಾಯಿತು.

ಎರಡನೆಯ ಆಕ್ಷೇಪ: ‘ಪ್ರದರ್ಶಿಸಿದ ಬೆಲೆ ಕಾನೂನಿನಲ್ಲಿ ಬರೀ ಆಹ್ವಾನ, ಒಪ್ಪಂದವಲ್ಲ.’

ಇದು ವಕೀಲ ಗೆಳೆಯರ ಮಾತು, ಎಲ್ಲಕ್ಕಿಂತ ಗಟ್ಟಿಯಾದ ಮಾತು. ಅವರು ಹೇಳುವ ನಿಯಮ ನಿಜವೇ. ಅಂಗಡಿಯಲ್ಲಿ ಸರಕಿಟ್ಟು ಬೆಲೆ ಬರೆದರೆ ಅದು ‘ಬನ್ನಿ, ಕೇಳಿ’ ಎಂಬ ಆಹ್ವಾನ. ಕೊಳ್ಳುತ್ತೇನೆ ಎಂಬ ಪ್ರಸ್ತಾಪ ಗಿರಾಕಿಯಿಂದ ಬರಬೇಕು. ಒಪ್ಪುವುದು ಬಿಡುವುದು ಅಂಗಡಿಯವರದು. ಇದಕ್ಕೆ ಆಧಾರವಾಗಿ 1953ರ ಬೂಟ್ಸ್ ಪ್ರಕರಣ, 1960ರ ಫಿಶರ್ ಮತ್ತು ಬೆಲ್ ಪ್ರಕರಣಗಳನ್ನು ಅವರು ಹೇಳಿದರು. ನಮ್ಮ ನಾಡಿನದೇ ಒಂದನ್ನೂ ನೆನಪಿಸಿದರು: ಮಡಿಕೇರಿಯ ಬಂಗಲೆಯೊಂದರ ಮಾರಾಟದ ಬಗ್ಗೆ 1951ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು.

ಆ ಮೂರೂ ತೀರ್ಪುಗಳು ಯಾವ ಜಗಳದಿಂದ ಹುಟ್ಟಿದವು ಎಂದು ನೋಡೋಣ. ಬೂಟ್ಸ್ ಔಷಧಿ ಅಂಗಡಿಯಲ್ಲಿ ಗಿರಾಕಿಗಳು ತಾವೇ ಸರಕು ಎತ್ತಿಕೊಳ್ಳುವ ವ್ಯವಸ್ಥೆ ಇತ್ತು. ಮಾರಾಟ ಆಗುವುದು ಔಷಧಿ ಕೈಗೆತ್ತಿಕೊಂಡಾಗಲೋ, ನೋಂದಾಯಿತ ಫಾರ್ಮಸಿಸ್ಟ್ ಇರುವ ಕೌಂಟರಿನಲ್ಲೋ ಎಂಬುದು ಅಲ್ಲಿನ ಪ್ರಶ್ನೆ. ಫಿಶರ್ ಮತ್ತು ಬೆಲ್ ಪ್ರಕರಣ ಬ್ರಿಸ್ಟಲ್ ನಗರದ ಅಂಗಡಿಯ ಗಾಜಿನ ಹಿಂದೆ ಬೆಲೆಚೀಟಿಯೊಂದಿಗೆ ಇಟ್ಟಿದ್ದ ಚಾಕುವಿನದು. ನಿಷೇಧಿತ ಚಾಕುವನ್ನು ಮಾರಲು ‘ಪ್ರಸ್ತಾಪಿಸಿದ’ ಅಪರಾಧ ಅದಾಯಿತೇ ಎಂದು ಕೇಳಿದಾಗ ಇಲ್ಲ ಎಂದರು. ಮರುವರ್ಷವೇ ಬ್ರಿಟಿಷ್ ಸಂಸತ್ತು ಆ ಸಂದು ಮುಚ್ಚಲು ಕಾನೂನು ತಿದ್ದಿತು. ಮಡಿಕೇರಿಯಲ್ಲಿ ಬಂಗಲೆಯ ಮಾಲೀಕರು ಹತ್ತು ಸಾವಿರಕ್ಕೆ ಕಡಿಮೆ ಒಪ್ಪುವುದಿಲ್ಲ ಎಂದು ತಂತಿ ಕೊಟ್ಟಿದ್ದರು. ಕಡಿಮೆಗೆ ಕೊಡುವುದಿಲ್ಲ ಎಂದರೆ ಅಷ್ಟಕ್ಕೆ ಕೊಟ್ಟೇಬಿಡುತ್ತೇನೆ ಎಂದಂತಲ್ಲ ಎಂದಿತು ಕೋರ್ಟು. ಈ ಮೂರರಲ್ಲಿ ಒಂದರಲ್ಲೂ ಅಂಗಡಿಯವರು ಒಂದು ಬೆಲೆ ಬರೆದು ಇನ್ನೊಂದು ಬೆಲೆ ವಸೂಲು ಮಾಡಿರಲಿಲ್ಲ.

ಕರಾರಿನ ಕಾನೂನಿನ ಬಲದಿಂದ 689ಕ್ಕೇ ಎಣ್ಣೆ ಕೊಡಿ ಎಂದು ನಾನು ಕಟ್ಟಿಹಾಕಲಾರೆ. ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಗಿರಾಕಿಗೆ ಇರುವುದು ಆ ಕಾನೂನೊಂದೇ ಅಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸರಕಿನ ಮೇಲೆ ಅಥವಾ ಅದರ ಪೊಟ್ಟಣದ ಮೇಲೆ ತೋರಿಸಿದ ಬೆಲೆಗಿಂತ, ಕಾನೂನಿನಂತೆ ತೂಗುಹಾಕಿದ ದರಪಟ್ಟಿಗಿಂತ ಹೆಚ್ಚು ಹಣ ಪಡೆದರೆ ದೂರು ಕೊಡಬಹುದು ಎಂದಿದೆ. ಶೆಲ್ಫಿನ ಚೀಟಿ ಸರಕಿನ ಮೇಲಿರಲಿಲ್ಲ ಎಂದು ವಕೀಲರು ಹೇಳಬಹುದು. ಅದಕ್ಕೂ ಅದೇ ಕಾಯ್ದೆಯಲ್ಲಿ ಉತ್ತರವಿದೆ: ಬೆಲೆಯ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವುದನ್ನು, ಅಗ್ಗದ ಬೆಲೆ ಸಾರಿ ಆ ಬೆಲೆಗೆ ಮಾರುವ ಉದ್ದೇಶ ಇಲ್ಲದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಗಿರಾಕಿ ತೋರಿಸಿಕೊಟ್ಟ ಮೇಲೂ ಒಂದು ದಿನ ಪೂರ್ತಿ ಅದೇ ಚೀಟಿ ಇಟ್ಟುಕೊಂಡವರ ಉದ್ದೇಶ ಏನೆಂದು ವಕೀಲ ಗೆಳೆಯರೇ ಹೇಳಲಿ.

ಮೂರನೆಯ ಆಕ್ಷೇಪ: ‘ತಪ್ಪು ಯಾರಿಗೂ ಆಗುತ್ತೆ. ಪಾಪ, ಹುಡುಗ ಚೀಟಿ ತೆಗೆಯೋದು ಮರೆತಿದ್ದಾನೆ.’

ತಪ್ಪಾಗುತ್ತದೆ. ತಪ್ಪಾದ ಮೇಲೆ ಯಾರ ಜೇಬಿಗೆ ಕೈ ಹಾಕಬೇಕು ಎಂಬುದು ನನ್ನ ಪ್ರಶ್ನೆ. ಇಂಥ ಅಂಗಡಿಗಳಲ್ಲಿ ಬೆಲೆ ಎರಡು ಕಡೆ ಇರುತ್ತದೆ: ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಒಂದು, ಶೆಲ್ಫಿನ ಚೀಟಿಯಲ್ಲಿ ಇನ್ನೊಂದು. ಆಫರ್ ಮುಗಿದ ರಾತ್ರಿ ಕಂಪ್ಯೂಟರಿನ ಬೆಲೆ ಒಂದೇ ಸಲಕ್ಕೆ ಬದಲಾಗುತ್ತದೆ. ನೂರಾರು ಚೀಟಿಗಳನ್ನು ಕೈಯಿಂದಲೇ ಕಿತ್ತು ಬದಲಿಸಬೇಕು. ಹಾಗಾಗಿ ಆಫರ್ ಮುಗಿದಾಗ ಉಳಿದುಕೊಳ್ಳುವ ಹಳೆಯ ಚೀಟಿಯಲ್ಲಿ ಇರುವುದು ಕಡಿಮೆ ಬೆಲೆ, ಕೌಂಟರಿನಲ್ಲಿ ವಸೂಲಾಗುವುದು ಹೆಚ್ಚಿನ ಬೆಲೆ. ಆ ಮರೆವಿನ ಲಾಭ ಹೋಗುವುದು ಅಂಗಡಿಗೆ. ಮರೆತರೆ ನಷ್ಟ, ನೆನಪಿಟ್ಟರೆ ಉಳಿತಾಯ ಎಂದಾದರೆ ಮಾತ್ರ ರಾತ್ರಿಯೇ ಚೀಟಿ ಬದಲಿಸಲು ಆಳು ನಿಲ್ಲಿಸುತ್ತಾರೆ.

ನಷ್ಟವನ್ನು ಹುಡುಗನ ಸಂಬಳದಲ್ಲಿ ಮುರಿಯುತ್ತಾರೆ ಎಂಬ ಕಳಕಳಿಯೂ ಕೇಳಿಬಂತು. ಆ ಕಳಕಳಿ ನನಗೂ ಇದೆ. ಆದರೆ ವಿವರಣೆ ಕೊಡಲು ಅವಕಾಶವನ್ನೇ ಕೊಡದೆ ನಷ್ಟದ ಹೆಸರಿನಲ್ಲಿ ಸಂಬಳ ಮುರಿಯಲು ನಮ್ಮ ವೇತನ ಕಾನೂನು ಬಿಡುವುದಿಲ್ಲ. ಹುಡುಗನಿಗೆ ಅನ್ಯಾಯವಾದರೆ ಅವನ ಪರವೂ ಮಾತಾಡೋಣ. ಅವನನ್ನು ಮುಂದೆ ನಿಲ್ಲಿಸಿ ಗಿರಾಕಿಯ ಬಾಯಿ ಮುಚ್ಚಿಸುವುದು ಇಬ್ಬರಿಗೂ ಮಾಡುವ ಅನ್ಯಾಯ.

ನಾಲ್ಕನೆಯ ಆಕ್ಷೇಪ: ‘ಹಾಗಾದ್ರೆ ಸೊನ್ನೆ ಬಿಟ್ಟುಹೋದ್ರೂ ಆ ಬೆಲೆಗೇ ಕೊಡಬೇಕಾ?’

ಬೇಡ. ಇಲ್ಲಿ ಗೆರೆ ಎಳೆಯಲೇಬೇಕು. ಸಿಂಗಪುರದಲ್ಲಿ 3,854 ಡಾಲರಿನ ಪ್ರಿಂಟರ್ ತಪ್ಪಿ 66 ಡಾಲರಿಗೆ ಆನ್‌ಲೈನ್ ಮಾರಾಟದಲ್ಲಿ ಕಾಣಿಸಿಕೊಂಡಿತು. ಆರು ಮಂದಿ ಸೇರಿ 1,606 ಪ್ರಿಂಟರುಗಳಿಗೆ ಆರ್ಡರ್ ಕೊಟ್ಟರು. ಇದು ತಪ್ಪು ಬೆಲೆ ಎಂದು ಗೊತ್ತಿದ್ದೂ ಮುಗಿಬಿದ್ದವರಿಗೆ 2004ರಲ್ಲಿ ಅಲ್ಲಿನ ನ್ಯಾಯಾಲಯ ಪ್ರಿಂಟರ್ ಕೊಡಿಸಲಿಲ್ಲ. ಸರಿಯಾದ ತೀರ್ಪು ಅದು.

ನಮ್ಮ ದೇಶದ್ದೇ ಇನ್ನೊಂದು ಪ್ರಕರಣ ನೋಡಿ. 23,499 ರೂಪಾಯಿಯ ಲ್ಯಾಪ್‌ಟಾಪ್ 2014ರಲ್ಲಿ ಅಮೆಜಾನ್‌ನಲ್ಲಿ 190 ರೂಪಾಯಿಗೆ ಕಾಣಿಸಿತು. ಒಡಿಶಾದ ಕಾನೂನು ವಿದ್ಯಾರ್ಥಿಯೊಬ್ಬರು ಆರ್ಡರ್ ಮಾಡಿದರು, ಕಂಪನಿ ರದ್ದು ಮಾಡಿತು. 2021ರಲ್ಲಿ ಒಡಿಶಾ ರಾಜ್ಯ ಗ್ರಾಹಕ ಆಯೋಗ ಆ ವಿದ್ಯಾರ್ಥಿಗೆ ಒಟ್ಟು 45,000 ರೂಪಾಯಿ ಕೊಡುವಂತೆ ಆದೇಶಿಸಿತು. ಅಷ್ಟು ದೂರ ನಾನು ಹೋಗುವುದಿಲ್ಲ. ಓದಿದವರಿಗೆ ಮೊದಲ ನೋಟಕ್ಕೇ ಇದು ತಪ್ಪು ಎಂದು ಹೊಳೆಯುವಂತಿದ್ದರೆ ಅಂಗಡಿಯವರು ಕ್ಷಮೆ ಕೇಳಿ ಬಿಡಿಸಿಕೊಳ್ಳಲಿ. 765ರ ಎಣ್ಣೆಗೆ 689 ಎಂದಿದ್ದರೆ ಯಾರಿಗೂ ಸಂಶಯ ಬರುವುದಿಲ್ಲ. ಆಫರ್ ಇರುವ ಊರಿನಲ್ಲಿ ಅದು ದಿನನಿತ್ಯದ ಬೆಲೆ. ನಂಬುವಂತೆ ಬರೆದದ್ದನ್ನು ನಂಬಿದವರು ತಪ್ಪಿತಸ್ಥರಲ್ಲ.

ಸಣ್ಣ ಅಂಗಡಿಗಳು ಮುಳುಗಿಹೋಗುತ್ತವೆ ಎಂದೂ ಅಂದರು. ನನ್ನ ಅನುಭವ ಬೇರೆ. ಹಳೇ ಊರಿನ ಬೀದಿಯಲ್ಲಿ ನಾನು ವರ್ಷಗಳಿಂದ ದಿನಸಿ ತರುವ ಪುಟ್ಟ ಅಂಗಡಿ ಇದೆ. ಒಮ್ಮೆ ಅವರ ಹಲಗೆಯ ಮೇಲೆ ಸಕ್ಕರೆ ಕೆ.ಜಿ.ಗೆ 42 ಎಂದಿತ್ತು, ಅಂದಿನ ಬೆಲೆ 45 ಆಗಿತ್ತು. ನಾನು 45 ಕೊಡಲು ಹೋದೆ. ‘ಬರ್ದಿರೋದು ನಾನೇ ಅಲ್ವೇನಕ್ಕಾ, ನಲವತ್ತೆರಡೇ ಕೊಡಿ’ ಎಂದು ಸಕ್ಕರೆ ಕಟ್ಟಿಕೊಟ್ಟು, ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ ಹೊಸ ಬೆಲೆ ಬರೆದರು. ಮೂರು ರೂಪಾಯಿ ಹೋಯಿತು, ತಪ್ಪು ಅಲ್ಲಿಗೇ ನಿಂತಿತು. ಒಂದೇ ಹಲಗೆ ಇರುವವರಿಗೆ ಇದು ಸಾಧ್ಯವಾದರೆ ಕಂಪ್ಯೂಟರ್ ಇರುವವರಿಗೆ ಏಕೆ ಆಗದು?

ಐದನೆಯ ಆಕ್ಷೇಪ: ‘ಎಪ್ಪತ್ತಾರು ರೂಪಾಯಿಗೆ ಇಷ್ಟು ರಾದ್ಧಾಂತವಾ? ಬೇಡದಿದ್ರೆ ಬಿಟ್ಟು ಬರಬಹುದಿತ್ತಲ್ಲ.’

ಬಿಟ್ಟು ಬರುವ ಸ್ವಾತಂತ್ರ್ಯ ಕೇಳಲು ಚೆನ್ನಾಗಿದೆ. ಆದರೆ ಕೌಂಟರಿಗೆ ಬರುವ ಹೊತ್ತಿಗೆ ಗಿರಾಕಿ ಆಯ್ಕೆ ಮುಗಿಸಿರುತ್ತಾಳೆ. ಪಕ್ಕದಲ್ಲಿದ್ದ ಬೇರೆ ಎಣ್ಣೆಯನ್ನು ಬಿಟ್ಟಿರುತ್ತಾಳೆ, ಬೇರೆ ಅಂಗಡಿಗೆ ಹೋಗುವುದನ್ನು ಕೈಬಿಟ್ಟಿರುತ್ತಾಳೆ, ಹಿಂದೆ ಸಾಲು ಬೆಳೆದಿರುತ್ತದೆ. 2020ರ ಡಿಸೆಂಬರಿನಲ್ಲಿ ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದ್ದು ಇದನ್ನೇ. ಸಾಮಾನು ಆರಿಸಿ ಕೌಂಟರಿಗೆ ಬಂದ ಮೇಲೆ ಕೈಚೀಲಕ್ಕೂ ದುಡ್ಡು ಎಂದು ಹೇಳುವುದು ಅನುಚಿತ, ಗಿರಾಕಿ ಅಂಗಡಿಯನ್ನೂ ಸರಕನ್ನೂ ಆರಿಸುವ ಮೊದಲೇ ಅದು ಗೊತ್ತಿರಬೇಕು ಎಂದಿತು. ಅಲ್ಲಿ ಇದ್ದದ್ದೂ ಕೆಲವೇ ರೂಪಾಯಿಗಳ ಮಾತು. ಮೊತ್ತ ಚಿಕ್ಕದೆಂದು ಆಯೋಗ ಬಾಗಿಲು ಹಾಕಲಿಲ್ಲ.

ಮತ್ತೆ, ಎಪ್ಪತ್ತಾರು ರೂಪಾಯಿ ಎಲ್ಲರಿಗೂ ಚಿಕ್ಕದಲ್ಲ. ನಮ್ಮ ಅಲ್ಲಾಳಸಂದ್ರದಲ್ಲಿ ಬಹುಮಹಡಿ ಮನೆಗಳಷ್ಟೇ ಇಲ್ಲ. ಅವನ್ನು ಕಟ್ಟುವ ಕೂಲಿಯವರಿದ್ದಾರೆ, ಮನೆಗೆಲಸದ ಹೆಂಗಸರಿದ್ದಾರೆ, ಪಕ್ಕದ ಜಿಕೆವಿಕೆಯಲ್ಲಿ ಓದುವ ಹಳ್ಳಿಯ ಮಕ್ಕಳಿದ್ದಾರೆ. ಚೀಟಿಯ ದೊಡ್ಡ ಅಂಕಿ ನೋಡಿ ಲೆಕ್ಕ ಹಾಕಿಕೊಂಡು ಕೈಯಲ್ಲಿರುವ ನೋಟಿಗೆ ತಕ್ಕಷ್ಟು ಸಾಮಾನು ಆರಿಸುವವರು ಅವರು. ಬಿಲ್ಲಿನ ಸಣ್ಣ ಅಕ್ಷರ ಓದಲು ಬಾರದವರೂ ಅವರಲ್ಲಿದ್ದಾರೆ. ನಾನು ಬಾಗಿಲಲ್ಲಿ ನಿಂತು ಓದಿದೆ, ವಾಪಸ್ ಹೋಗಿ ಕೇಳಿದೆ. ಓದದೆ ಹೋದವರು ಎಷ್ಟು ಮಂದಿಯೋ.

ಕೊನೆಯ ಆಕ್ಷೇಪ: ‘ಅಂಗಡಿ ಅವರದು, ಬೆಲೆ ಅವರಿಷ್ಟ.’

ಬೆಲೆ ನಿಗದಿ ಮಾಡುವುದು ಅವರಿಷ್ಟವೇ. ಬರೆಯುವ ಮೊದಲು. ನಮ್ಮ ತಾಯಂದಿರು ಪ್ರತಿ ಸಾಮಾನಿಗೂ ಚೌಕಾಸಿ ಮಾಡುತ್ತಿದ್ದರು. ಆಮೇಲೆ ಬಟ್ಟೆ ಅಂಗಡಿಗಳಲ್ಲಿ ‘ಒಂದೇ ಮಾತು, ಒಂದೇ ದರ’ ಎಂಬ ಫಲಕಗಳು ಬಂದವು. ಹಾಪ್‌ಕಾಮ್ಸ್ ಮಳಿಗೆಯಲ್ಲಿ ದಿನದ ದರವನ್ನು ಹಲಗೆಯ ಮೇಲೆ ಬರೆದಿಟ್ಟರು, ನಾವು ಚೌಕಾಸಿ ಇಲ್ಲದೆ ತರಕಾರಿ ಕೊಳ್ಳಲು ಕಲಿತೆವು. ಇದು ಎರಡೂ ಕಡೆಯವರು ಮಾಡಿಕೊಂಡ ಹೊಂದಾಣಿಕೆ: ನಾವು ಕಡಿಮೆ ಮಾಡಿ ಎಂದು ಕೇಳುವುದಿಲ್ಲ, ಅವರು ಬರೆದದ್ದಕ್ಕಿಂತ ಹೆಚ್ಚು ಕೇಳುವುದಿಲ್ಲ. ಚೀಟಿ ಬರೀ ಆಹ್ವಾನವಾದರೆ ಅದು ಇಬ್ಬರಿಗೂ ಆಹ್ವಾನವೇ ಆಗಬೇಕು. ಕೌಂಟರಿನಲ್ಲಿ ನಾನೂ 650 ಕೊಡುತ್ತೇನೆ ಎನ್ನಬಹುದು, ಅವರು ಕೇಳಿಸಿಕೊಳ್ಳಬೇಕು. ಅದಕ್ಕೆ ಯಾವ ಸೂಪರ್ ಮಾರ್ಕೆಟ್ಟೂ ಒಪ್ಪುವುದಿಲ್ಲ. ಹಾಗಿದ್ದರೆ ತಮ್ಮ ಪಾಲಿನ ಮಾತನ್ನೂ ಅವರು ಉಳಿಸಿಕೊಳ್ಳಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಕೆನಡಾದಲ್ಲಿ ಅನೇಕ ದೊಡ್ಡ ಅಂಗಡಿಗಳು 2002ರಿಂದ ತಾವಾಗಿಯೇ ಒಂದು ಕಟ್ಟಳೆ ಪಾಲಿಸುತ್ತಿವೆ: ಸ್ಕ್ಯಾನಿನ ಬೆಲೆ ಚೀಟಿಗಿಂತ ಹೆಚ್ಚು ಬಂದು, ಸರಕು ಹತ್ತು ಡಾಲರಿನ ಒಳಗಿದ್ದರೆ ಅದನ್ನು ಪುಕ್ಕಟೆ ಕೊಡುತ್ತಾರೆ. ನನಗೆ ಪುಕ್ಕಟೆ ಬೇಡ. ಚೀಟಿಗೂ ಬಿಲ್ಲಿಗೂ ವ್ಯತ್ಯಾಸ ಬಂದರೆ ಕೇಳಿದ ಗಿರಾಕಿಗೆ ಚೀಟಿಯ ಬೆಲೆಗೇ ಕೊಡಲಿ. ಆ ಕ್ಷಣವೇ ಚೀಟಿ ತೆಗೆಯಲಿ. ಈ ಎರಡು ಮಾತನ್ನು ಕನ್ನಡದಲ್ಲಿ ಬರೆದು ಕೌಂಟರಿನ ಎದುರು ಹಾಕಲಿ.

ಅಲ್ಲಿಯವರೆಗೆ ಗೆಳೆಯರು ಒಂದು ಕೆಲಸ ಮಾಡಲಿ. ಸಂಶಯ ಬಂದರೆ ಚೀಟಿಯ ಫೋಟೋ ತೆಗೆದುಕೊಳ್ಳಿ, ಬಿಲ್ ಬಿಸಾಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ನಾನು ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಫೋಟೋ ಎರಡು ಇವೆ: ಎಣ್ಣೆ ಕೊಂಡ ದಿನದ್ದು ಒಂದು, ಮರುದಿನ ಸಂಜೆಯದು ಒಂದು. ಎರಡರಲ್ಲೂ 689 ಎಂದೇ ಇದೆ.