ಶಿಲ್ಪವನಕ್ಕೆ ಮೊದಲು ಒಂದು ಲೆಕ್ಕದ ಪುಸ್ತಕ

ನಮ್ಮ ಕಾಲೇಜಿನ ಹಿಂಬದಿಯ ಖಾಲಿ ಜಾಗದಲ್ಲಿ ಒಂದು ಶಿಲ್ಪವನ ಮಾಡಬೇಕೆಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ನಾಸಿಕ ಮತ್ತು ಎಲ್ಲೋರಾ ಪ್ರವಾಸ ಮುಗಿಸಿ ಬಂದಾಗಿನಿಂದ ಈ ಉತ್ಸಾಹ ಹೆಚ್ಚಾಗಿದೆ. ಸಂತೋಷದ ಮಾತೇ. ಆದರೆ ಈವರೆಗೆ ಕೇಳಿಬಂದಿರುವ ಯೋಜನೆ ಹೀಗಿದೆ: ಪ್ರತಿ ವಿದ್ಯಾರ್ಥಿಯಿಂದ ಚಂದಾ ಎತ್ತುವುದು, ಯಾವುದಾದರೂ ದೊಡ್ಡ ಊರಿನ ಅಂಗಡಿಯಿಂದ ನಾಲ್ಕೈದು ತಯಾರಿ ಮೂರ್ತಿ ತರಿಸುವುದು, ಒಂದು ಅಮೃತಶಿಲೆಯ ಹಲಗೆಯ ಮೇಲೆ ಹೆಚ್ಚು ಹಣ ಕೊಟ್ಟವರ ಹೆಸರು ಕೆತ್ತಿಸುವುದು, ಗಣ್ಯರೊಬ್ಬರಿಂದ ಉದ್ಘಾಟನೆ ಮಾಡಿಸುವುದು. ಇದರಲ್ಲಿ ವಾಣಿಜ್ಯ ವಿಭಾಗದವರ ಪಾಲೇನು ಎಂದು ಕೇಳಿದರೆ ಸಿಕ್ಕ ಉತ್ತರ: “ನೀವು ಕಾಮರ್ಸ್‌ನವರು, ರೊಕ್ಕ ಕೂಡಿಸ್ರಿ. ಕಲಾ ಅಂದ್ರ ನಿಮಗೇನ್ ತಿಳೀತದ?”

ನಾನು ವಿರೋಧಿಸುವುದು ಶಿಲ್ಪವನವನ್ನಲ್ಲ. ಕೊಂಡು ತಂದು ನಿಲ್ಲಿಸುವ ಶಿಲ್ಪವನವನ್ನು. ನನ್ನ ವಾದ ಇಷ್ಟೇ: ಅದು ಎಲ್ಲ ವಿಭಾಗದ ವಿದ್ಯಾರ್ಥಿಗಳು ಕೂಡಿ ಯೋಚಿಸಿ, ಕೂಡಿ ಮಾಡಿದ್ದಾಗಿರಬೇಕು, ಮತ್ತು ಮಾಡುವ ಮೊದಲೇ ಅದನ್ನು ಕಾಯುವ ಲೆಕ್ಕ ಬರೆದಿಡಬೇಕು. ಈ ಎರಡೂ ಪಾಠ ನಾವು ನೋಡಿಬಂದ ಊರುಗಳಲ್ಲೇ ಇವೆ. ನಾವು ಅಲ್ಲಿ ಫೋಟೋ ತೆಗೆದದ್ದು ಹೆಚ್ಚು, ಓದಿದ್ದು ಕಡಿಮೆ.

ಮೊದಲು ಎಲ್ಲೋರಾ. 2023ರವರೆಗೆ ಔರಂಗಾಬಾದ್ ಎನ್ನಿಸಿಕೊಂಡಿದ್ದ ಈಗಿನ ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್. ಅಲ್ಲಿನ ಮರಾಠಿ ಜನ ವೇರುಳ ಅಂತಾರೆ. ಎಣಿಕೆ ಹಾಕಿದ 34 ಗುಹೆಗಳಲ್ಲಿ 16ನೆಯದೇ ಕೈಲಾಸ. ರಾಷ್ಟ್ರಕೂಟರ ಮೊದಲನೆಯ ಕೃಷ್ಣನ ಕಾಲದ್ದು, ಅಂದರೆ ಎಂಟನೇ ಶತಮಾನದ್ದು. ಈತ ನಮ್ಮ ಅಮೋಘವರ್ಷ ನೃಪತುಂಗನ ಮುತ್ತಜ್ಜ. ಕೈಲಾಸಕ್ಕೂ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳುತ್ತದೆ. ಆ ಗೋದಾವರಿ ಹುಟ್ಟುವುದು ನಾಸಿಕದ ಹತ್ತಿರದ ತ್ರ್ಯಂಬಕದಲ್ಲಿ. ಹೀಗಾಗಿ ಕೈಲಾಸದ ಅಂಗಳದಲ್ಲಿ ನಿಂತಾಗ ನಮ್ಮಲ್ಲಿ ಹಲವರು “ಇದು ನಮ್ದು” ಅಂತ ಎದೆ ಉಬ್ಬಿಸಿದರು. ಪಕ್ಕದಲ್ಲಿ ಮರಾಠಿ ಹುಡುಗರೂ ಅದನ್ನೇ ಅವರ ಭಾಷೆಯಲ್ಲಿ ಹೇಳುತ್ತಿದ್ದರು. ಕಲ್ಲು ಯಾರಿಗೂ ಉತ್ತರ ಕೊಡಲಿಲ್ಲ. ಅಭಿಮಾನಕ್ಕೆ ಖರ್ಚಿಲ್ಲ, ಗೆಳೆಯರೇ. ಅದನ್ನು ನೋಡಿ ನಾವು ಏನು ಕಲಿತೆವು ಅನ್ನೋದೇ ಪ್ರಶ್ನೆ.

ಕೈಲಾಸವನ್ನು ಕಟ್ಟಿದ್ದಲ್ಲ, ಕಡಿದದ್ದು. ಗುಡ್ಡದ ನೆತ್ತಿಯಿಂದ ಶುರು ಮಾಡಿ ಕೆಳಕ್ಕೆ ಇಳಿಯುತ್ತ ಹೋದರು. ಮೊದಲು ಶಿಖರ, ಕಡೆಗೆ ಪಾಯ. ಅಂಗಳ 80 ಮೀಟರಿಗೂ ಉದ್ದ, 45 ಮೀಟರಿಗೂ ಅಗಲ. ಹಿಂಬದಿಯ ಬಂಡೆಗೋಡೆ 30 ಮೀಟರಿಗೂ ಎತ್ತರ. ಹೊರಗೆ ಸಾಗಿಸಿದ ಕಲ್ಲು ಸುಮಾರು 2 ಲಕ್ಷ ಟನ್ ಇರಬೇಕೆಂದು ಅಂದಾಜು. ಇಟ್ಟಿಗೆಯ ಗೋಡೆ ಸೊಟ್ಟಗಾದರೆ ಬಿಚ್ಚಿ ಕಟ್ಟಬಹುದು. ಆದರೆ ಇಲ್ಲಿ ಆನೆಯ ಸೊಂಡಿಲಿಗೆ ಅಂತ ಬಿಡಬೇಕಾದ ಕಲ್ಲನ್ನು ಒಬ್ಬ ಕಡಿದುಬಿಟ್ಟರೆ ಮತ್ತೆ ಅಂಟಿಸಲಾಗದು. ಅಂದರೆ ಮೊದಲ ಏಟು ಹಾಕುವ ಮುಂಚೆಯೇ ಕೆಳಗಿನ ಕಡೆಯ ಆನೆಯವರೆಗೆ ಏನೇನು ಉಳಿಯಬೇಕು ಅನ್ನುವುದು ನಿಶ್ಚಯವಾಗಿರಬೇಕು. ಮತ್ತು ಅದು ಒಬ್ಬನ ತಲೆಯಲ್ಲಿ ಮಾತ್ರ ಇದ್ದರೆ ಸಾಲದು. ಸುತ್ತಿಗೆ ಹಿಡಿದ ಪ್ರತಿಯೊಬ್ಬನಿಗೂ, ಕಲ್ಲು ಹೊತ್ತವನಿಗೂ ತನ್ನ ಪಾಲು ತಿಳಿದಿರಬೇಕು. ಇದಕ್ಕಿಂತ ದೊಡ್ಡ ಸಾಮೂಹಿಕ ಕೆಲಸ ಯಾವುದಿದೆ?

ಇಷ್ಟಾಗಿ ಕೈಲಾಸದ ಶಿಲ್ಪಿ ಯಾರು? ಹೆಸರಿಲ್ಲ. ಬರೋಡಾದಲ್ಲಿ ಸಿಕ್ಕ, ಗುಜರಾತಿನ ರಾಷ್ಟ್ರಕೂಟ ಶಾಖೆಯ ಕರ್ಕನ ತಾಮ್ರಪಟದಲ್ಲಿ ಏಲಾಪುರದ ಈ ಗುಡಿಯ ಮಾತು ಬರುತ್ತದೆ. ಮಾಡಿದ ಶಿಲ್ಪಿಯೇ ಕಡೆಗೆ, ಇದನ್ನು ನಾನು ಹೇಗೆ ಮಾಡಿದೆ ಎಂದು ಬೆರಗಾದನಂತೆ. ಬೆರಗು ದಾಖಲಾಯಿತು, ರಾಜನ ಹೆಸರು ದಾಖಲಾಯಿತು, ಬೆರಗಾದವನ ಹೆಸರು ಮಾತ್ರ ಇಲ್ಲ. ಜನರ ಕಥೆಯಲ್ಲಿ ಪೈಠಣದ ಕೋಕಸ ಎಂಬ ಶಿಲ್ಪಿ ಇದ್ದಾನೆ. ಶಿಖರ ನೋಡುವವರೆಗೆ ಊಟ ಮಾಡೆನೆಂದು ರಾಣಿ ವ್ರತ ಹಿಡಿದಳಂತೆ, ಆಕೆ ಉಪವಾಸ ಬೀಳಬಾರದೆಂದು ಆತ ಶಿಖರದಿಂದಲೇ ಶುರು ಮಾಡಿದನಂತೆ. ತಾಮ್ರಪಟ ಬಿಟ್ಟ ಜಾಗವನ್ನು ಜನ ತುಂಬಿಕೊಂಡಿದ್ದಾರೆ, ನೋಡಿ.

ನಮ್ಮ ಕಡೆ ಇನ್ನೊಂದು ಸಂಪ್ರದಾಯವೂ ಇತ್ತು. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಆ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ರುಜು ಹಾಕಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಇವರು ಒಂದೇ ಗುಡಿಗೆ ಅನೇಕರು ಕೂಡಿ ದುಡಿದವರು. ಆದರೂ ಯಾರ ಕೈಯ ಕೆಲಸ ಯಾವುದೆಂದು ಗೊತ್ತಾಗುತ್ತದೆ. ಕೂಡಿ ಮಾಡುವುದೆಂದರೆ ಹೆಸರು ಅಳಿಸಿಹೋಗುವುದಲ್ಲ. ನಮ್ಮ ಶಿಲ್ಪವನದಲ್ಲಿ ಕಲ್ಲಿನ ಮೇಲೆ ಹೆಸರು ಬರುವುದಾದರೆ ಅದು ಮಣ್ಣು ಕಲಸಿದವರದು, ತಂತಿ ಬಗ್ಗಿಸಿದವರದು ಬರಲಿ. ದುಡ್ಡು ಕೊಟ್ಟವರ ಹೆಸರಿಗೆ ರಸೀತಿ ಪುಸ್ತಕ ಇದ್ದೇ ಇದೆ.

ಇನ್ನು ನಾಸಿಕ. ಊರಿನ ದಕ್ಷಿಣಕ್ಕೆ ಮುಂಬಯಿ-ಆಗ್ರಾ ರಸ್ತೆಯ ಬದಿಗೆ ತ್ರಿರಶ್ಮಿ ಗುಡ್ಡ. ಮೆಟ್ಟಿಲು ಹತ್ತಿಹೋದರೆ 24 ಬೌದ್ಧ ಗುಹೆಗಳು. ಜನ ಅದಕ್ಕೆ ಪಾಂಡವಲೇಣಿ ಅಂತ ಹೆಸರಿಟ್ಟಿದ್ದಾರೆ, ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ದಾನ ಕೊಟ್ಟವರು ರಾಜರಷ್ಟೇ ಅಲ್ಲ. ಮುಗುದಾಸನೆಂಬ ಮೀನುಗಾರನೊಬ್ಬ ಒಂದು ಗುಹೆ ಕೊಟ್ಟಿದ್ದಾನೆ. 18ನೇ ಗುಹೆಯ ಚೈತ್ಯದ ಬಾಗಿಲು ಧಂಭಿಕವೆಂಬ ಇಡೀ ಹಳ್ಳಿಯ ದಾನ. ಒಂದು ಹಳ್ಳಿಯವರು ಕೂಡಿ ಒಂದು ಬಾಗಿಲು! ನಾವು ಇಡೀ ಕಾಲೇಜಿನವರು ಕೂಡಿ ಏನು ಮಾಡಲಾರೆವು?

ಆದರೆ ವಾಣಿಜ್ಯ ವಿದ್ಯಾರ್ಥಿಯಾದ ನನ್ನನ್ನು ಹಿಡಿದು ನಿಲ್ಲಿಸಿದ್ದು 10ನೇ ಗುಹೆಯ ಶಾಸನ. ಅದು ಸುಮಾರು 1900 ವರ್ಷದ ಹಿಂದಿನದು, ಕ್ಷತ್ರಪ ನಹಪಾನನ ಅಳಿಯ ಉಷವದಾತನದು. ಆತ ಗುಹೆ ಕೊರೆಸಿ ಕೈತೊಳೆದುಕೊಳ್ಳಲಿಲ್ಲ. ಅಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳ ಖರ್ಚಿಗಾಗಿ 3000 ಕಾರ್ಷಾಪಣ ನಾಣ್ಯಗಳನ್ನು ಗೋವರ್ಧನದ ನೇಕಾರರ ಸಂಘಗಳಲ್ಲಿ ಠೇವಣಿ ಇಟ್ಟ. ಒಂದು ಸಂಘದಲ್ಲಿ 2000, ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ಇನ್ನೊಂದರಲ್ಲಿ 1000, ಬಡ್ಡಿ ತಿಂಗಳಿಗೆ ನೂರಕ್ಕೆ ಮುಕ್ಕಾಲು. ಅಸಲು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಬಳಸಬೇಕು. 2000ದ ಬಡ್ಡಿಯಿಂದ 20 ಭಿಕ್ಷುಗಳಿಗೆ ತಲಾ 12 ನಾಣ್ಯ ಬಟ್ಟೆಗೆ. ಈಗ ಲೆಕ್ಕ ಹಾಕಿ: 2000ಕ್ಕೆ ತಿಂಗಳಿಗೆ 20, ವರ್ಷಕ್ಕೆ 240. ಇಪ್ಪತ್ತು ಜನರಿಗೆ ಹನ್ನೆರಡರಂತೆ ಅದೂ 240. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ! ಇಷ್ಟೂ ವಿಷಯವನ್ನು ನಗರಸಭೆಯಲ್ಲಿ ಓದಿಸಿ, ಪದ್ಧತಿಯ ಪ್ರಕಾರ ದಾಖಲೆ ಮಾಡಿಸಿದ್ದಾಗಿಯೂ ಬರೆದಿದೆ. ಅಕೌಂಟೆನ್ಸಿ ಪಾಠದಲ್ಲಿ ಹೇಳುವ ಕಾಯಂ ನಿಧಿ ಇದೇ ಅಲ್ಲವೇ? “ಕಲಾ ಅಂದ್ರ ನಿಮಗೇನ್ ತಿಳೀತದ” ಎಂದವರಿಗೆ ನನ್ನ ಉತ್ತರ ಆ ಗೋಡೆಯ ಮೇಲಿದೆ. ಕಲೆ ಉಳಿಯಬೇಕಾದರೆ ಲೆಕ್ಕ ಬರೆಯುವವನೂ ಬೇಕು. ಅವನೂ ಅದರ ಪಾಲುದಾರನೇ.

ಇವೆಲ್ಲ ಹಳೆಯ ಕಾಲದ ಮಾತು, ಈಗ ವಿದ್ಯಾರ್ಥಿಗಳಿಂದ ಆಗುವುದೇ ಎಂದು ಕೇಳುವವರಿಗೆ ಹತ್ತಿರದ ಕಾಲದ ಉದಾಹರಣೆಗಳಿವೆ. ಶಾಂತಿನಿಕೇತನದ ಕಲಾಭವನದಲ್ಲಿ ‘ಕಾಲೋ ಬಾಡಿ’ ಎಂಬ ಕಪ್ಪು ಮನೆ ಇದೆ. 1930ರ ದಶಕದಲ್ಲಿ ಗುರುಗಳೂ ವಿದ್ಯಾರ್ಥಿಗಳೂ ಕೂಡಿ ಮಣ್ಣಿನ ಗೋಡೆಯ ಮೇಲೆ ಉಬ್ಬುಚಿತ್ರ ಮಾಡಿ ಡಾಂಬರು ಬಳಿದ ಹಾಸ್ಟೆಲು ಅದು. ಅಲ್ಲೇ 1938ರಲ್ಲಿ ರಾಮಕಿಂಕರ ಬೈಜ್ ಬಯಲಿನಲ್ಲಿ ‘ಸಂತಾಲ ಕುಟುಂಬ’ ಮಾಡಿದರು. ಅಮೃತಶಿಲೆಗೆ ಕಾಯದೆ ಸಿಮೆಂಟು ಮತ್ತು ಊರಿನ ಕೆಂಪು ಕಲ್ಲಿನ ಹರಳು ಬಳಸಿದರು. ವಿಷಯವೂ ರಾಜರಲ್ಲ, ಗಂಟುಮೂಟೆ ಹೊತ್ತು ಹೊರಟ ದುಡಿಯುವ ಜನ. ನಮ್ಮ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ನೇತೃತ್ವದಲ್ಲಿ ಎದ್ದ ರಾಕ್ ಗಾರ್ಡನ್ನಿನಲ್ಲೂ ಸಿಮೆಂಟಿನಲ್ಲಿ ಮೂಡಿರುವುದು ಹಳ್ಳಿಯ ಬಾಳುವೆ.

ಕಾಯುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚಂಡೀಗಢ ಸಾಕ್ಷಿ. ನೇಕ್ ಚಂದ್ ಎಂಬ ರಸ್ತೆ ಇನ್ಸ್‌ಪೆಕ್ಟರು ಒಡೆದ ಬಳೆ, ಕಪ್ಪು-ಬಸಿ, ಬಿಸಾಡಿದ ಸಾಮಾನು ಆಯ್ದು ಯಾರಿಗೂ ಹೇಳದೆ ವರ್ಷಗಟ್ಟಲೆ ಕಟ್ಟಿದ ಉದ್ಯಾನ 1976ರಲ್ಲಿ ಜನರಿಗೆ ತೆರೆಯಿತು. 1996ರಲ್ಲಿ ಅವರು ವಿದೇಶಕ್ಕೆ ಹೋದ ಹೊತ್ತಿನಲ್ಲಿ ಕಿಡಿಗೇಡಿಗಳು ಅಲ್ಲಿನ ಮೂರ್ತಿಗಳನ್ನು ಒಡೆದುಹಾಕಿದರು. ಜಗತ್ಪ್ರಸಿದ್ಧ ಉದ್ಯಾನದ ಗತಿಯೇ ಹೀಗಾದರೆ ನಮ್ಮ ಹಿತ್ತಲಿನದು ಎಷ್ಟರದು? ಮೂರು ವರ್ಷಕ್ಕೆ ನಾವು ಪದವಿ ಹಿಡಿದು ಹೊರಡುವವರು. ನಾವು ಹೋದ ಮೇಲೆ ಮೂರ್ತಿಯ ಮುರಿದ ಕೈಗೆ ಯಾರು ಜವಾಬ್ದಾರಿ?

ಆದ್ದರಿಂದ ನನ್ನ ಸೂಚನೆಗಳನ್ನು ಮುಂದಿಡುತ್ತೇನೆ.

ಒಂದು, ವಿಷಯ. ಮಹಾಪುರುಷರ ಮೂರ್ತಿ ಬೇಡ. ಅವರ ಮೇಲೆ ಗೌರವ ಕಡಿಮೆ ಅಂತಲ್ಲ. ಅವರನ್ನು ಅರ್ಧಂಬರ್ಧ ಮಾಡಿ ಮಳೆಯಲ್ಲಿ ನಿಲ್ಲಿಸುವುದು ಗೌರವವಲ್ಲ. ನಮ್ಮ ಸಂತೆಯನ್ನೇ ಮಾಡೋಣ. ತಕ್ಕಡಿ, ಸೇರು, ಪಾವು, ಕೊಳಗ, ಜೋಳದ ಚೀಲ, ಚೀಲಕ್ಕೆ ಒರಗಿ ಕೂತ ಹಮಾಲ. ಮೆಟ್ರಿಕ್ ಪದ್ಧತಿ ಬಂದು ಮೂಲೆ ಸೇರಿದ ಆ ಅಳತೆಗಳು ನಮ್ಮ ಅಜ್ಜಿಯರ ಅಟ್ಟದಲ್ಲಿ ಇನ್ನೂ ಇವೆ. ತಂದು ನೋಡಿ, ಅಳೆದು, ಆಳೆತ್ತರಕ್ಕೆ ಹಿಗ್ಗಿಸಿ ಮಾಡಬಹುದು.

ಎರಡು, ವಿನ್ಯಾಸ. ಕೈಲಾಸದವರು ಮಾಡಿದಂತೆ ಮೊದಲೇ ಎಲ್ಲ ನಿಶ್ಚಯವಾಗಲಿ. ಪ್ರತಿ ವಿಭಾಗವೂ ಮಣ್ಣಿನಲ್ಲಿ ಒಂದು ಚಿಕ್ಕ ಮಾದರಿ ಮಾಡಲಿ. ಅವನ್ನೆಲ್ಲ ಒಂದು ಮೇಜಿನ ಮೇಲಿಟ್ಟು ಎಲ್ಲರೂ ನೋಡಿ ಜಗಳವಾಡೋಣ. ಆಮೇಲೆ ಜಾಗದಲ್ಲಿ ಹಗ್ಗ ಮತ್ತು ಸುಣ್ಣದ ಪುಡಿಯಿಂದ ದಾರಿ ಗುರುತು ಮಾಡಿ ಒಂದು ವಾರ ಓಡಾಡೋಣ. ಬಿಸಿಲು ಎಲ್ಲಿ, ನೆರಳೆಲ್ಲಿ, ಮಳೆನೀರು ಎಲ್ಲಿ ನಿಲ್ಲುತ್ತದೆ ಅನ್ನೋದು ಪ್ರೊಫೆಸರರಿಗಿಂತ ನಮ್ಮ ಮಾಲಿಗೆ ಚೆನ್ನಾಗಿ ಗೊತ್ತು; ಸಮಿತಿಯಲ್ಲಿ ಆತನೂ ಕೂರಲಿ. ಭಾರ ಮತ್ತು ಪಾಯದ ಲೆಕ್ಕ ವಿಜ್ಞಾನದವರದು, ಮರಗಳ ಆಯ್ಕೆ ಸಸ್ಯಶಾಸ್ತ್ರದವರದು, ಪ್ರತಿ ಶಿಲ್ಪದ ಕೆಳಗಿನ ಎರಡು ಸಾಲು ಕನ್ನಡದವರದು. ಕೈಗೆ ಕೆಲಸ ಕಲಿಸಲು ಒಬ್ಬ ಅನುಭವಿ ಶಿಲ್ಪಿಯನ್ನು ಕರೆಯೋಣ, ಕೂಲಿ ಕೊಟ್ಟು. ಅವರು ಕಲಿಸಲಿ, ಮಾಡುವವರು ನಾವೇ ಆಗಿರಲಿ.

ಮೂರು, ಹಣ. ಉದಾಹರಣೆಗೆ 300 ವಿದ್ಯಾರ್ಥಿಗಳು ತಲಾ 200 ರೂಪಾಯಿ ಕೊಟ್ಟರೆ 60,000. ಅರ್ಧ ಮಾತ್ರ ಖರ್ಚಾಗಲಿ. ಉಳಿದ 30,000 ಬ್ಯಾಂಕಿನಲ್ಲಿ ಕಾಯಂ ಠೇವಣಿ. ನೂರಕ್ಕೆ ವರ್ಷಕ್ಕೆ 6ರಂತೆ ಹಿಡಿದರೂ 1,800 ರೂಪಾಯಿ ಬಡ್ಡಿ, ತಿಂಗಳಿಗೆ 150. “ಇಷ್ಟರಾಗ ಏನಾಗ್ತದ?” ಅಂತ ನಗಬಹುದು. ಸುಣ್ಣ, ಪೊರಕೆ, ಬಿರುಕು ಮುಚ್ಚಲು ಒಂದಿಷ್ಟು ಸಿಮೆಂಟು ಇಷ್ಟರಲ್ಲೇ ಆಗುತ್ತದೆ. ಉಳಿದದ್ದು ಕೈಗೆಲಸ. ಪ್ರತಿ ವರ್ಷ ಹೊಸದಾಗಿ ಸೇರಿದವರು ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಕೂಡಿ ರಿಪೇರಿ ಮಾಡಲಿ, ಒಂದು ಹೊಸ ಶಿಲ್ಪ ಸೇರಿಸಲಿ. 200 ರೂಪಾಯಿ ಕೊಡಲಾಗದವರು ಎರಡು ದಿನ ದುಡಿಯಲಿ. ಇಬ್ಬರ ಹೆಸರೂ ಒಂದೇ ಪುಟದಲ್ಲಿ ಬರೆಯೋಣ. ಜಮಾ-ಖರ್ಚನ್ನು ವರ್ಷಕ್ಕೊಮ್ಮೆ ನೋಟೀಸು ಬೋರ್ಡಿಗೆ ಹಚ್ಚೋಣ. ಉಷವದಾತ ನಗರಸಭೆಯಲ್ಲಿ ಓದಿಸಿದ, ನಾವು ಬೋರ್ಡಿಗೆ ಹಚ್ಚಲಾರೆವೇ?

ನಮ್ಮ ಮೂರ್ತಿಗಳು ಚಂದ ಬರಲಿಕ್ಕಿಲ್ಲ ಎಂಬ ಭಯ ಕೆಲವರಿಗಿದೆ. ನಿಜ, ಹಮಾಲನ ಮೂಗು ಸೊಟ್ಟಗಾಗಬಹುದು. ಅಂಗಡಿಯಿಂದ ತಂದ ಮೂರ್ತಿಯ ಮೂಗು ನೇರವಾಗಿಯೇ ಇರುತ್ತದೆ. ಆದರೆ ಆ ನೇರ ಮೂಗು ನಮಗೆ ಏನೂ ಕಲಿಸುವುದಿಲ್ಲ. ಕನ್ನಡ ಮಾಧ್ಯಮದ ಹಳ್ಳಿ ಶಾಲೆಗಳಿಂದ ಬಂದ ನಮ್ಮಂಥ ಅನೇಕರಿಗೆ ಕಲೆಯೆಂದರೆ ಯಾರೋ ದೊಡ್ಡವರು ಮಾಡಿದ್ದು, ನಾವು ಚಪ್ಪಲಿ ಬಿಟ್ಟು ದೂರದಿಂದ ನೋಡುವಂಥದು ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಎತ್ತು ಮಾಡಿದ ಕೈ ನಮ್ಮವೇ ಅನ್ನೋದು ಮರೆತುಹೋಗಿದೆ. ಆ ಕೈಗಳಿಗೆ ಕಾಲೇಜಿನಲ್ಲೂ ಜಾಗ ಸಿಗಲಿ ಎಂಬುದೇ ನನ್ನ ಹಟ.

ಸಾಹಿತ್ಯ ಸಂಘ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಒಪ್ಪುವವರು ಚಂದಾ ಎತ್ತುವುದಕ್ಕೆ ಮೊದಲು ಒಂದು ಹಿಡಿ ಜೇಡಿಮಣ್ಣು ಮತ್ತು ಒಂದು ಖಾಲಿ ಖಾತೆ ಪುಸ್ತಕ ತರಲಿ. ಪುಸ್ತಕದ ಮೊದಲ ಪುಟ ನಾನು ಗೆರೆ ಹಾಕಿಟ್ಟಿದ್ದೇನೆ.